ಸಿವಿ ಕಳಿಸಿದರೂ ಕರೆ ಬರುತ್ತಿಲ್ಲ, ಎಲ್ಲಿ ತಪ್ಪಾಗುತ್ತಿದೆ?

ಪ್ರಶ್ನೆ: ನಮಸ್ತೆ ಮೇಡಂ. ಗೋದಾಮಿನಲ್ಲಿ ಸ್ಟಾಕ್ ನೋಡಿಕೊಳ್ಳುವ ಕೆಲಸದಲ್ಲಿ 4 ವರ್ಷ ಇದ್ದೆ. ಅಮ್ಮನಿಗೆ ಹುಷಾರಿಲ್ಲದೆ ಕೆಲಸ ಬಿಟ್ಟು 14 ತಿಂಗಳು ಮನೆಯಲ್ಲಿದ್ದೆ. ಈಗ ಒಂದೇ ಸಿವಿಯನ್ನು 30ಕ್ಕೂ ಜಾಸ್ತಿ ಕಡೆ ಕಳಿಸಿದ್ದೇನೆ. ಒಂದು ಕರೆಯೂ ಬಂದಿಲ್ಲ. 3 ಪುಟ, ಎರಡು ಕಾಲಂ ಇರುವ ಬಣ್ಣದ ಟೆಂಪ್ಲೇಟ್. ಫೈಲ್ ಹಾಕಿದ್ದೇನೆ, ದಯವಿಟ್ಟು ನೋಡಿ ಹೇಳಿ.

ಉತ್ತರ: ಪೂರ್ತಿ ಓದಿದೆ. ಮೊದಲು ತುರ್ತಿನ ವಿಷಯ. ನಿಮ್ಮ ಪಿಡಿಎಫ್‌ನಲ್ಲಿರುವುದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ ನೋಡಿದೆ. ನಿಮ್ಮ ಫೋನ್ ನಂಬರ್ ಬರಲೇ ಇಲ್ಲ! ಮೇಲಿನ ನೀಲಿ ಪಟ್ಟಿ ಒಂದು ಚಿತ್ರ, ನಂಬರ್ ಅದರೊಳಗೆ ಸೇರಿಕೊಂಡಿದೆ. ಎಷ್ಟೋ ಕಂಪನಿಗಳಲ್ಲಿ ಅರ್ಜಿ ಮೊದಲು ಎಟಿಎಸ್ ಅನ್ನುವ ಸಾಫ್ಟ್‌ವೇರ್‌ಗೆ ಹೋಗುತ್ತದೆ. ಅದು ಹೆಸರು, ನಂಬರ್, ಹುದ್ದೆ, ವರ್ಷ ಎಲ್ಲವನ್ನೂ ಬಿಡಿಸಿ ಖಾನೆಗಳಿಗೆ ತುಂಬಿಕೊಳ್ಳುತ್ತದೆ. ಚಿತ್ರದಲ್ಲಿರುವ ಅಕ್ಷರ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಎರಡು ಕಾಲಂ ಇದ್ದರೆ ಕೆಲವು ಸಲ ಎಡದ್ದನ್ನೂ ಬಲದ್ದನ್ನೂ ಬೆರೆಸಿ ಓದುತ್ತದೆ. ಒಂದೇ ಕಾಲಂ, ಬಿಳಿ ಹಾಳೆ, ಕಪ್ಪು ಅಕ್ಷರ ಸಾಕು. ಎಕ್ಸೆಲ್‌ಗೆ 4 ಸ್ಟಾರ್ ಕೊಟ್ಟುಕೊಂಡಿದ್ದೀರಿ, ಅದನ್ನೂ ತೆಗೆಯಿರಿ. ಅದರಲ್ಲಿ ಏನು ಮಾಡಬಲ್ಲಿರಿ ಅಂತ ಬರೆಯಿರಿ.

ಇನ್ನು ಒಳಗಿನ ಮಾತು. 'ಸ್ಟಾಕ್ ನಿರ್ವಹಣೆಯ ಜವಾಬ್ದಾರಿ' ಅಂತ ಬರೆದಿದ್ದೀರಿ. ಆ ಕುರ್ಚಿಯಲ್ಲಿ ಯಾರು ಕೂತರೂ ಅದೇ ಜವಾಬ್ದಾರಿ, ಅಲ್ವಾ? ನೀವು ಬಂದ ಮೇಲೆ ಅಲ್ಲಿ ಏನು ಬದಲಾಯಿತು, ಅದನ್ನು ಹೇಳಿ.

ಪ್ರಶ್ನೆ: ದೊಡ್ಡದೇನೂ ಇಲ್ಲ ಮೇಡಂ. ಮೊದಲು ಎಲ್ಲ ಲೆಕ್ಕ ಪುಸ್ತಕದಲ್ಲಿತ್ತು. ನಾನು ಸುಮ್ನೆ ಎಕ್ಸೆಲ್‌ಗೆ ಹಾಕಿದೆ. 1,200 ಐಟಂ ಇದ್ದವು. ತಿಂಗಳ ಎಣಿಕೆಗೆ 3 ದಿನ ಬೇಕಿತ್ತು, ಆಮೇಲೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು.

ಉತ್ತರ: ಇದನ್ನು 'ಸುಮ್ನೆ' ಅನ್ನಬೇಡಿ! ನೇಮಕಾತಿ ಮಾಡುವವರು ಹುಡುಕುವುದೇ ಇದನ್ನು. ಹೀಗೆ ಬರೆಯಿರಿ: '1,200 ಐಟಂಗಳ ಲೆಕ್ಕವನ್ನು ಪುಸ್ತಕದಿಂದ ಎಕ್ಸೆಲ್‌ಗೆ ತಂದೆ. ತಿಂಗಳ ಎಣಿಕೆ 3 ದಿನದಿಂದ 1 ದಿನಕ್ಕೆ ಇಳಿಯಿತು.' ಇಂಥ ಮೂರ್ನಾಲ್ಕು ಸಾಲು ಮೊದಲ ಪುಟದಲ್ಲೇ ಬರಲಿ. ಈಚಿನ ಕೆಲಸ ಮೇಲೆ, ಹಳೆಯದು ಕೆಳಗೆ. ಸಂಖ್ಯೆ ಮಾತ್ರ ನಿಜವಾಗಿರಬೇಕು, ಸಂದರ್ಶನದಲ್ಲಿ ಖಂಡಿತ ಕೇಳುತ್ತಾರೆ. 'ಕಠಿಣ ಪರಿಶ್ರಮಿ', 'ಸವಾಲಿನ ಹುದ್ದೆಯ ಹುಡುಕಾಟದಲ್ಲಿದ್ದೇನೆ' ಇವೆಲ್ಲ ಹೋಗಲಿ. ಎರಡು ಪುಟಕ್ಕೆ ತಾನಾಗಿಯೇ ಇಳಿಯುತ್ತದೆ.

ಒಂದೇ ಸಿವಿ ಎಲ್ಲ ಕಡೆ ಕಳಿಸಬೇಡಿ. ಜಾಹೀರಾತಿನಲ್ಲಿ 'ಇನ್ವೆಂಟರಿ ಕಂಟ್ರೋಲ್' (ಅಂದರೆ ಸ್ಟಾಕ್ ನಿರ್ವಹಣೆಯೇ) ಅಂತ ಇದ್ದು ನೀವು ಬರೀ 'ಸ್ಟಾಕ್' ಅಂದರೆ, ಆ ಪದ ಹಾಕಿ ಹುಡುಕುವವರಿಗೆ ನೀವು ಸಿಗುವುದಿಲ್ಲ. ನಿಮಗೆ ನಿಜವಾಗಿ ಬರುವ ಕೆಲಸವಾದರೆ ಅವರ ಪದವನ್ನೇ ಬಳಸಿ.

ಇನ್ನೊಬ್ಬ ಸದಸ್ಯರು: ಮೇಡಂ, ಅನುಭವವೇ ಇಲ್ಲದವರು ಏನು ಬರೆಯಬೇಕು?

ಉತ್ತರ: ಕಾಲೇಜಿನ ಪ್ರಾಜೆಕ್ಟ್, ಇಂಟರ್ನ್‌ಶಿಪ್, ಮನೆಯವರ ವ್ಯಾಪಾರಕ್ಕೆ ಲೆಕ್ಕ ಬರೆದುಕೊಟ್ಟಿದ್ದು, ಎಲ್ಲವೂ ಬರುತ್ತದೆ. ಬರೆಯುವ ರೀತಿ ಅದೇ: ಏನು ಮಾಡಿದಿರಿ, ಏನಾಯಿತು.

ಪ್ರಶ್ನೆ: ಮೇಡಂ, ಆ 14 ತಿಂಗಳನ್ನು ಮುಚ್ಚಿಡಲೇ? ತಿಂಗಳು ಬಿಟ್ಟು ಬರೀ ವರ್ಷ ಹಾಕು ಅಂತ ಸ್ನೇಹಿತರು ಹೇಳಿದರು.

ಉತ್ತರ: ಬೇಡಪ್ಪ. ಆಮೇಲೆ ಗೊತ್ತಾದರೆ ಉಳಿದದ್ದರ ಮೇಲೂ ಅನುಮಾನ ಬರುತ್ತದೆ. ಅಮ್ಮನನ್ನು ನೋಡಿಕೊಂಡಿದ್ದರಲ್ಲಿ ಮುಚ್ಚಿಡುವಂಥದ್ದು ಏನಿದೆ? 'ಕುಟುಂಬದವರ ಆರೈಕೆಗಾಗಿ ಬಿಡುವು, 14 ತಿಂಗಳು' ಅಂತ ಒಂದೇ ಸಾಲು ಹಾಕಿ. ಕಾಯಿಲೆಯ ವಿವರ ಬೇಡ. ತಿದ್ದಿದ ಮೇಲೆ ಇಲ್ಲೇ ಹಾಕಿ, ಇನ್ನೊಂದು ಸಲ ಓದುತ್ತೇನೆ. ಇಲ್ಲಿ ಬೇರೆಯವರೂ ನೋಡುತ್ತಾರೆ, ಹಾಗಾಗಿ ಇಲ್ಲಿ ಹಾಕುವ ಪ್ರತಿಯಲ್ಲಿ ಮಾತ್ರ ನಿಮ್ಮ ಫೋನ್ ನಂಬರ್ ತೆಗೆದಿರಿ.