ಗ್ಯಾರೇಜು ಬೆಚ್ಚಗಿದೆ

“ಬಾಗಿಲು ಹಾಕೋ ಮಾರಾಯ! ಬಿಟಿಯು ಎಲ್ಲಾ ಹೊರಗೆ ಹೋಗುತ್ತಿದೆ!” ಎಂದು ನಂಜುಂಡ ಕೂಗಿದ. ಬಿಟಿಯು ಅಂದರೆ ಇಲ್ಲಿನವರು ಬಿಸಿ ಅಳೆಯುವ ಮಾನ.

ಪುಟ್ಟಸ್ವಾಮಿ ಬಾಗಿಲು ಎಳೆದು, ಬೂಟಿನ ಹಿಮ ಒದರಿ ಒಳಗೆ ಬಂದ. ಹೊರಗೆ ಮೈನಸ್ 26 ಡಿಗ್ರಿ ಸೆಲ್ಸಿಯಸ್. ಮಿನ್ನಿಯಾಪೊಲಿಸ್‌ನ ಜನವರಿಗೆ ಇದೇನು ದೊಡ್ಡ ಸುದ್ದಿಯಲ್ಲ.

“ಮೊದಲೆಲ್ಲ ಬಂದವರಿಗೆ ನೀನು ಕಾಫಿ ಕೊಡುತ್ತಿದ್ದೆ. ಈಗ ಬಿಟಿಯು ಕದ್ದೆ ಅಂತ ಬೈಯುತ್ತೀಯ.”

ಶೇಷಾದ್ರಿ ಆಗಲೇ ಮಡಿಸುವ ಕುರ್ಚಿಯಲ್ಲಿ ಕೂತು, ಪಿಸ್ತೂಲಿನಂಥ ಥರ್ಮಾಮೀಟರನ್ನು ಗೋಡೆಗೆ ಗುರಿಯಿಟ್ಟಿದ್ದ. “ಉತ್ತರದ ಗೋಡೆ 14. ನೆಲ 9. ಸೂರು 30. ನೋಡಿದೆಯಾ, ಬಿಸಿಯೆಲ್ಲ ಮೇಲೆ ಹೋಗಿ ಕೂರುತ್ತದೆ. ಒಂದು ಫ್ಯಾನ್ ಹಾಕಿ ಕೆಳಗೆ ತಳ್ಳಬೇಕು.”

“ಗಾಡಿ ಎಷ್ಟಿದೆ?” ಎಂದ ಪುಟ್ಟಸ್ವಾಮಿ.

“ಯಾವ ಗಾಡಿ?”

ಮೂಲೆಯಲ್ಲಿ ಹಳೇ ಜಮಖಾನ ಹೊದ್ದು ನಿಂತಿತ್ತು, 1984ರ ಯೆಜ್ಡಿ ರೋಡ್‌ಕಿಂಗ್. ನಂಜುಂಡನ ಅಪ್ಪನದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿ, ಸರಸ್ವತಿಪುರಂನಲ್ಲಿ ಬಾಳಿ, ಮರದ ಪೆಟ್ಟಿಗೆಯೊಳಗೆ ಹಡಗು ಹತ್ತಿ ಬಂದದ್ದು. 25 ವರ್ಷ ದಾಟಿದ ಗಾಡಿಗೆ ಅಮೆರಿಕದ ಸುರಕ್ಷತಾ ನಿಯಮಗಳು ಅಡ್ಡ ಬರುವುದಿಲ್ಲ. ಅಡ್ಡ ಬಂದದ್ದು ಚಳಿ. ಬೇಸಿಗೆಯಲ್ಲಿ ಓಡಿಸಬೇಕು, ಚಳಿಗಾಲದಲ್ಲಿ ರಿಪೇರಿ ಮಾಡಬೇಕು ಅಂತ ಇಲ್ಲಿನ ಬೈಕಿನವರೆಲ್ಲ ಹೇಳುತ್ತಾರೆ. ಚಳಿಯಲ್ಲಿ ರಿಪೇರಿ ಮಾಡಬೇಕಾದರೆ ಗ್ಯಾರೇಜು ಬೆಚ್ಚಗಿರಬೇಕು. ಅದಕ್ಕೇ ನಾಲ್ಕು ಚಳಿಗಾಲ ಹೋಯಿತು.

ಮೊದಲ ವರ್ಷ ಪ್ಲಗ್ಗಿಗೆ ಸಿಕ್ಕಿಸುವ 1500 ವಾಟಿನ ಹೀಟರು ತಂದ. ಮನೆಯ ಸಾಮಾನ್ಯ 120 ವೋಲ್ಟಿನ ಪ್ಲಗ್ಗಿಗೆ ಅದಕ್ಕಿಂತ ದೊಡ್ಡ ಹೀಟರು ಸಿಗುವುದಿಲ್ಲ. ಎರಡು ಕಾರಿನ ಗ್ಯಾರೇಜಿಗೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನಂಜುಂಡನ ಎಡಗಾಲು ಮಾತ್ರ ಬಿಸಿಯಾಯಿತು. ಕಾರ್ಬ್ಯುರೇಟರ್ ಬಿಚ್ಚಿದ, ಬೆರಳು ಮರಗಟ್ಟಿತು, ಅಲ್ಲಿಗೆ ನಿಲ್ಲಿಸಿದ. ಗಾಡಿಗೆ ಕೈ ಹಾಕಿದ್ದು ಅದೇ ಮೊದಲು, ಅದೇ ಕೊನೆ.

“ಎರಡನೇ ವರ್ಷ ತಂದೆಯಲ್ಲ, ಆ ಪ್ರೊಪೇನ್ ಗ್ಯಾಸಿನ ಫಿರಂಗಿಯಂಥ ಹೀಟರು, ಅದೇನಾಯಿತು?” ಪುಟ್ಟಸ್ವಾಮಿಗೆ ಉತ್ತರ ಗೊತ್ತು. ಆದರೂ ಕೇಳಿದ.

“ಬಿಸಿಯೇನೋ ಚೆನ್ನಾಗಿತ್ತು,” ಎಂದ ನಂಜುಂಡ.

“ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗಿಂತ ಜಾಸ್ತಿ ನೀರಿನ ಆವಿ ಬರುತ್ತದೆ,” ಎಂದ ಶೇಷಾದ್ರಿ. “ತಣ್ಣಗಿರುವ ಕಬ್ಬಿಣದ ಮೇಲೆ ಅದು ಬೆವರಾಗಿ ಕೂರುತ್ತದೆ. ಜೊತೆಗೆ ಕಾರ್ಬನ್ ಮೊನಾಕ್ಸೈಡು. ಅದಕ್ಕೇ ಬಾಗಿಲು ಸ್ವಲ್ಪ ತೆರೆದಿಡಬೇಕು.”

“ಅಂದರೆ ಬೆಚ್ಚಗಾಗಲಿ ಅಂತ ಬೆಂಕಿ ಹಾಕಿ, ಸಾಯಬಾರದು ಅಂತ ಬಾಗಿಲು ತೆಗೆದು, ಮಧ್ಯದಲ್ಲಿ ಚೈನಿಗೆ ತುಕ್ಕು ಹಿಡಿಸಿದಿರಿ. ಮೈಸೂರಿನ ಮಳೆಯಲ್ಲಿ ಹತ್ತು ವರ್ಷ ನೆನೆದರೂ ಬಾರದ ತುಕ್ಕು!”

“ಅದಕ್ಕೇ ಮೂರನೇ ವರ್ಷ ಇನ್ಸುಲೇಷನ್ ಮಾಡಿಸಿದ್ದು,” ಎಂದ ನಂಜುಂಡ ಸ್ವಲ್ಪ ಬಿಗಿಯಾಗಿ. ಗೋಡೆಗೆ ಹತ್ತಿಯಂಥದ್ದು ತುಂಬಿ, ದೊಡ್ಡ ಬಾಗಿಲಿಗೆ ಥರ್ಮಾಕೋಲ್ ಹಲಗೆ ಅಂಟಿಸಿ, ಸಂದಿಗೆಲ್ಲ ರಬ್ಬರು ಪಟ್ಟಿ ಬಡಿದಿದ್ದ. ಈ ವರ್ಷ ಸೂರಿನಿಂದ ಗ್ಯಾಸ್ ಹೀಟರು ಇಳಿಬಿಟ್ಟಿದ್ದಾನೆ. ಹೊಗೆ ಹೊರಗೆ ಹೋಗಲು ಕೊಳವೆ, ಗೋಡೆಗೆ ಥರ್ಮೋಸ್ಟ್ಯಾಟು. ಗಂಟೆಗೆ 45,000 ಬಿಟಿಯು.

“ಬಿಟಿಯು ನನಗೆ ಅರ್ಥವಾಗಲ್ಲ. ಹಂಡೆ ಲೆಕ್ಕದಲ್ಲಿ ಹೇಳು.”

ಶೇಷಾದ್ರಿ ಫೋನು ತೆಗೆದು ಗಂಭೀರವಾಗಿ ಗುಣಿಸಿದ. “40 ಲೀಟರಿನ ಹಂಡೆ, 20 ಡಿಗ್ರಿಯಿಂದ 45ಕ್ಕೆ ಕಾಯಿಸಿದರೆ… ಗಂಟೆಗೆ 11 ಹಂಡೆ.”

“ಇಡೀ ವಠಾರ ಎಣ್ಣೆಸ್ನಾನ ಮುಗಿಸಿ ಎದ್ದು ಹೋಗುವಷ್ಟು ಬಿಸಿ! ಇವನು ಇನ್ನೂ ಒಂದು ನಟ್ಟು ಬಿಚ್ಚಿಲ್ಲ.”

“ನೆಲ ತಣ್ಣಗಿದೆ ಕಣೋ,” ಎಂದ ನಂಜುಂಡ. “ಕಾಂಕ್ರೀಟು ಎಷ್ಟು ಬಿಸಿ ಕೊಟ್ಟರೂ ಹೀರಿಕೊಳ್ಳುತ್ತದೆ. ಕೆಳಗೆ ಕೂತು ಕೆಲಸ ಮಾಡೋಕಾಗಲ್ಲ. ಮುಂದಿನ ವರ್ಷ ಅಗೆಸಿ, ಒಳಗೆ ಬಿಸಿನೀರಿನ ಪೈಪು ಹಾಕಿಸಿದರೆ…”

“ಕುಣಿಯಲಾರದವಳಿಗೆ ನೆಲ ಡೊಂಕು. ನಿನಗೆ ನೆಲ ತಣ್ಣಗೆ.”

“ಇಲ್ಲ, ಅದಕ್ಕಿಂತ ಇನ್‌ಫ್ರಾರೆಡ್ ವಾಸಿ,” ಎಂದ ಶೇಷಾದ್ರಿ. ಅವನ ಕಣ್ಣು ಹೊಳೆಯಿತು. “ಗಾಳಿಯನ್ನು ಬಿಸಿ ಮಾಡೋದೇ ದಂಡ. ಇದು ಗಾಳಿಯನ್ನು ಬಿಟ್ಟು ನೇರವಾಗಿ ಮೈಗೆ, ಗಾಡಿಗೆ ಬಿಸಿ ಮುಟ್ಟಿಸುತ್ತದೆ. ಮೇಲಿಂದ ಬೀಳುತ್ತದೆ. ಬೆನ್ನಿಗೆ ಹಿತವಾಗಿರುತ್ತದೆ.”

“ಅದಕ್ಕೆ ನಮ್ಮ ಕಡೆ ಬಿಸಿಲು ಅಂತಾರೆ. ಬಿಟ್ಟು ಬಂದಿರಲ್ಲ, ಈಗ ಕಂತಿನಲ್ಲಿ ಕೊಂಡುಕೊಳ್ಳಿ.”

ಶೇಷಾದ್ರಿಗೆ ಕೋಪ ಬಂತು. ಕೋಪ ಬಂದಾಗ ಅವನು ಅಂಕಿ ಹೇಳುತ್ತಾನೆ. “ಇಲ್ಲಿನ ಚಳಿ ತಮಾಷೆಯಲ್ಲ ಕಣೋ. 1996ರ ಫೆಬ್ರವರಿ 2, ನಮ್ಮ ಮಿನ್ನೆಸೋಟದ ಟವರ್ ಅನ್ನೋ ಊರಿನಲ್ಲಿ ಮೈನಸ್ 60 ಫ್ಯಾರನ್‌ಹೀಟ್! ಸೆಲ್ಸಿಯಸ್‌ನಲ್ಲಿ ಮೈನಸ್ 51!”

“ಜಾವಾ ಕಾರ್ಖಾನೆ ಮುಚ್ಚಿದ್ದೂ 1996ರಲ್ಲೇ. ಅಲ್ಲಿ ಮುಚ್ಚಿದ್ದಕ್ಕೆ ಇಲ್ಲಿ ಸೂತಕ.”

ಅಷ್ಟರಲ್ಲಿ ಮನೆಯ ಕಡೆಯ ಬಾಗಿಲು ತೆರೆದು ಸರೋಜ ಬಂದಳು. ಕೈಯಲ್ಲಿ ದೊಡ್ಡ ಪಾತ್ರೆ. ಯಾರನ್ನೂ ನೋಡದೆ ಏಣಿ ಎರಡು ಮೆಟ್ಟಿಲು ಹತ್ತಿ, ಹೀಟರಿನ ಪಕ್ಕದ ಅಟ್ಟದಲ್ಲಿ ಪಾತ್ರೆ ಇಟ್ಟಳು. ಇಳಿದವಳೇ ಥರ್ಮೋಸ್ಟ್ಯಾಟನ್ನು 55ರಿಂದ 85ಕ್ಕೆ ತಿರುಗಿಸಿದಳು.

“ನಟ್ಟು ತಿರುಗಿಸೋಕೆ 55 ಫ್ಯಾರನ್‌ಹೀಟ್ ಸಾಕು ಕಣೇ,” ನಂಜುಂಡ ನರಳಿದ.

“ಇಡ್ಲಿ ಹಿಟ್ಟಿಗೆ ಸಾಲಲ್ಲ. ನಾಳೆ ಹತ್ತು ಜನ ಬರುತ್ತಾರೆ. ನಿಮ್ಮ ನಟ್ಟು ಯಾರಿಗೆ ಬೇಕು?”

ಪುಟ್ಟಸ್ವಾಮಿ ಆಗ ಸುತ್ತ ನೋಡಿದ. ಕಿಟಕಿಯ ಹತ್ತಿರ ತುಳಸಿ ಕುಂಡ. ಅದರ ಪಕ್ಕ ಆಳೆತ್ತರದ ಕರಿಬೇವು, ಮೈನಸ್ 26ರಲ್ಲಿ ಹೊಸ ಚಿಗುರು ಬಿಟ್ಟಿದೆ. ಸ್ಪ್ಯಾನರು ನೇತುಹಾಕುವ ಹಲಗೆಯ ಮೊಳೆಗೆ ಒದ್ದೆ ಸೀರೆಯ ಒಂದು ತುದಿ, ಯೆಜ್ಡಿಯ ಹ್ಯಾಂಡಲ್ಲಿಗೆ ಇನ್ನೊಂದು ತುದಿ.

“ಸರೋಜಮ್ಮ, ಹಿಟ್ಟು ಅಷ್ಟು ಮೇಲೆ ಯಾಕೆ?”

“ನೆಲದಲ್ಲಿಟ್ಟರೆ ಪೆಟ್ರೋಲ್ ವಾಸನೆ ಪುಟ್ಟಸ್ವಾಮಿಯವರೇ.”

“ಸರಿಯಾಗಿದೆ,” ಎಂದ ಶೇಷಾದ್ರಿ. “ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಗ್ಯಾರೇಜಿನಲ್ಲಿ ಕಿಡಿ, ಜ್ವಾಲೆ ಏನಿದ್ದರೂ ನೆಲದಿಂದ 18 ಅಂಗುಲ ಮೇಲಿರಬೇಕು ಅಂತ ಇಲ್ಲಿ ಕಟ್ಟಡದ ನಿಯಮವೇ ಇದೆ.”

“ಟ್ಯಾಂಕಿನಲ್ಲಿ ಒಂದು ಹನಿ ಪೆಟ್ರೋಲಿಲ್ಲದ ಗಾಡಿಗೆ ಎಂಥಾ ಮರ್ಯಾದೆ!” ಎಂದ ಪುಟ್ಟಸ್ವಾಮಿ. “ಹಿಟ್ಟು ಉಬ್ಬಿತು. ಕರಿಬೇವು ಚಿಗುರಿತು. ಶೇಷಾದ್ರಿಯ ಮಂಡಿನೋವು ಹೋಯಿತು. ಬೆಚ್ಚಗಾಗದೆ ಉಳಿದದ್ದು ಒಂದೇ.”

ಎದ್ದು ಹೋಗಿ ಸೀರೆ ಸರಿಸಿ ಜಮಖಾನ ಎಳೆದ. ಮೆರೂನ್ ಬಣ್ಣದ ಟ್ಯಾಂಕು. ಎಡಗಡೆಯ ಗೇರ್ ಲಿವರಿನ ರಬ್ಬರು ಒಂದೇ ಕಡೆ ಸವೆದು ನುಣ್ಣಗಾಗಿತ್ತು. ಯೆಜ್ಡಿಯಲ್ಲಿ ಅದೇ ಗೇರು, ಅದೇ ಕಿಕ್ಕು. ಇಪ್ಪತ್ತು ವರ್ಷ ಒಂದೇ ಚಪ್ಪಲಿ ತುಳಿದ ಗುರುತು. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಅಪ್ಪ ಬೀದಿ ತಿರುವಿಗೆ ಬಂದ ಶಬ್ದ ಕೇಳಿದರೆ ಅಮ್ಮ ಒಲೆ ಮೇಲೆ ಹಾಲಿಡುತ್ತಿದ್ದಳು,” ಎಂದ ನಂಜುಂಡ. “ಅವಳು ಹಾಲಿಟ್ಟರೆ ನಾವು ಕೇರಂ ಬೋರ್ಡು ಮುಚ್ಚಿ ಪುಸ್ತಕ ತೆಗೆಯುತ್ತಿದ್ದೆವು. ಸ್ಟಾರ್ಟ್ ಮಾಡಿ ಅಮ್ಮನಿಗೆ ಫೋನಿನಲ್ಲಿ ಕೇಳಿಸಬೇಕು ಅಂತಲೇ ಇದನ್ನು ತರಿಸಿದ್ದು. ಈಗ ಅವಳಿಗೆ ಕಿವಿ ಮಂದ. ನನ್ನ ಮಾತೇ ಸರಿಯಾಗಿ ಕೇಳಿಸಲ್ಲ.”

ಸರೋಜ ಥರ್ಮೋಸ್ಟ್ಯಾಟಿನ ಹತ್ತಿರವೇ ನಿಂತಿದ್ದಳು. ಶೇಷಾದ್ರಿ ಥರ್ಮಾಮೀಟರನ್ನು ಜೇಬಿಗೆ ಹಾಕಿದ.

“ಎರಡು ಸೈಲೆನ್ಸರಿನ ಗಾಡಿ ಕಣೋ,” ಎಂದ ಪುಟ್ಟಸ್ವಾಮಿ. “ಕಿವಿ ಮಂದ ಇದ್ದವರಿಗೂ ಕೇಳಿಸದಿದ್ದರೆ ಅದು ಯೆಜ್ಡಿಯೇ ಅಲ್ಲ. ಕಾರ್ಬ್ಯುರೇಟರ್ ಎಲ್ಲಿ?”

“ಮೊದಲ ವರ್ಷವೇ ಬಿಚ್ಚಿ ಇಟ್ಟೆನಲ್ಲ. ಮೊಸರಿನ ಡಬ್ಬಿಯಲ್ಲಿ.”

“ಯಾವ ಮೊಸರಿನ ಡಬ್ಬಿ?”

ನಂಜುಂಡ ಸರೋಜಳ ಮುಖ ನೋಡಿದ. ಸರೋಜ ಗೋಡೆ ಪಕ್ಕದ ಫ್ರೀಜರ್ ನೋಡಿದಳು. ಅದರೊಳಗೆ ಇಪ್ಪತ್ತು ಮೊಸರಿನ ಡಬ್ಬಿ, ಎಲ್ಲವೂ ಒಂದೇ ಅಳತೆ, ಒಂದೇ ಬಿಳಿ ಮುಚ್ಚಳ. ಅದರ ಮೇಲಿನ ಅಟ್ಟದಲ್ಲಿ ಇನ್ನೊಂದು ಹದಿನೈದು.

ಪುಟ್ಟಸ್ವಾಮಿ ತೋಳು ಮಡಿಸಿದ. ಮೊದಲನೆಯದರಲ್ಲಿ ಹುಳಿ. ಎರಡನೆಯದರಲ್ಲಿ ಗ್ಯಾರೇಜು ಬಾಗಿಲಿನ ಸ್ಕ್ರೂ. ಮೂರನೆಯದರಲ್ಲಿ ತೆಂಗಿನ ತುರಿ. ನಾಲ್ಕನೆಯದೂ ತೆಂಗಿನ ತುರಿ.