ಸಹಾಯ ಬೇಕು: ಮಂಡ್ಯದಲ್ಲಿ ಸಂಜೆಯ ಬೈಬಲ್ ಓದಿಗೆ

ಎಲ್ಲರಿಗೂ ವಂದನೆಗಳು. ಮಂಡ್ಯದಲ್ಲಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವ ಅಕ್ಕಂದಿರಿಗಾಗಿ ನಂಬಿಕೆ, ಕೃಪೆಯ ಬಗ್ಗೆ ಓದು ನಡೆಯುತ್ತಿದೆ. ಬೈಬಲ್‌ನ ಹೊಸ ಒಡಂಬಡಿಕೆಯಲ್ಲಿರುವ ಗಲಾತ್ಯ, ಎಫೆಸ ಪತ್ರಿಕೆಗಳಲ್ಲಿ (ಸಭೆಗಳಿಗೆ ಬರೆದ ಪತ್ರಗಳು) ತಲಾ 6 ಅಧ್ಯಾಯ. ದಿನಕ್ಕೊಂದರಂತೆ 12 ದಿನ. ರಕ್ಷಣೆ ಕೃಪೆಯಿಂದಲೇ, ಕ್ರಿಯೆಗಳಿಂದಲ್ಲ ಎನ್ನುವ ಎಫೆಸ 2:8-9ಕ್ಕೇ ನಿಂತರೆ ಕೃಪೆ ಸಿಕ್ಕಮೇಲೆ ಏನೂ ಮಾಡಬೇಕಿಲ್ಲ ಅನ್ನಿಸಿಬಿಡುತ್ತದೆ; 10ನೇ ವಚನದ ಸತ್ಕ್ರಿಯೆಗಳನ್ನೂ ಜೊತೆಗೇ ಓದಿಸಬೇಕು. ಇನ್ನು ಓದು ತಪ್ಪಿದವರು ಬಾಕಿಯನ್ನೆಲ್ಲ ಒಂದೇ ರಾತ್ರಿ ಮುಗಿಸಲು ಹೋಗಿ ಕೈಬಿಡುತ್ತಾರೆ. ಅವರಿಗೆ ವಿಮೋಚನಕಾಂಡ 16 ಒಳ್ಳೆಯದು: ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಆಯಾ ದಿನಕ್ಕೆಂದು ಕೊಟ್ಟ ಆಹಾರವಾದ ಮನ್ನ ತಲೆಗೊಂದು ಓಮೆರ್ (ಆಗಿನ ಒಂದು ಅಳತೆ), ಬೆಳಗಿನವರೆಗೆ ಇಟ್ಟುಕೊಂಡದ್ದಕ್ಕೆ ಹುಳ, ಆರನೇ ದಿನ ಮಾತ್ರ ಎರಡರಷ್ಟು. ತಪ್ಪಿದ್ದನ್ನು ಬಿಟ್ಟು ಇವತ್ತಿನದನ್ನು ಓದಲಿ.

ಬೇಕಿರುವುದು ದೊಡ್ಡಕ್ಷರದ ಕನ್ನಡ ಬೈಬಲ್‌ಗಳು, ಹಳೆಯವಾದರೂ ಸರಿ. ಓದು ಬಾರದವರಿಗೆ ಈ 12 ಅಧ್ಯಾಯಗಳನ್ನು ನಿಧಾನವಾಗಿ ಓದಿ ರೆಕಾರ್ಡ್ ಮಾಡಿ ಕಳಿಸುವವರೂ ಬೇಕು. ಮೈಸೂರಿನಿಂದ ಗುರುವಾರ ಸಂಜೆ ಬಂದು ಓದಿಸಬಲ್ಲ ಅಕ್ಕಂದಿರಿದ್ದರೆ ದಯವಿಟ್ಟು ಇಲ್ಲೇ ತಿಳಿಸಿ.