‘34ನೆಯ ಕಾಂಗ್ರೆಸ್ಸಿನ ಸದಸ್ಯರು’: ಕನ್ನಡದಲ್ಲಿ ಇವರನ್ನು ಏನೆಂದು ಕರೆಯೋಣ?

ಗೆಳೆಯರೇ,

ಅಮೆರಿಕದ ಅಂತರ್ಯುದ್ಧಕ್ಕೆ ಮೊದಲಿನ ಹತ್ತು ವರ್ಷಗಳ ಬಗ್ಗೆ ಕನ್ನಡ ಓದುಗರಿಗಾಗಿ ಬರೆಯುತ್ತಿದ್ದೇನೆ. 1855ರಿಂದ 1857ರವರೆಗಿನ ಅಲ್ಲಿನ ಶಾಸನಸಭೆಯ ಅಧ್ಯಾಯಕ್ಕೆ ಬಂದಾಗ ಕೆಲವು ಪದಗಳ ಮುಂದೆ ಕೈ ನಿಂತಿದೆ. ಶಾಸನಸಭೆಗೆ ಸಂಬಂಧಿಸಿದ ಪದಗಳಿಗೆ ಕನ್ನಡದಲ್ಲಿ ಬಡತನವೇನಿಲ್ಲ. ವಿಧಾನಸಭೆಯ ಕಲಾಪವನ್ನು ದಿನವೂ ವರದಿ ಮಾಡುವ ಪತ್ರಿಕೆಗಳು ಎಲ್ಲಕ್ಕೂ ಒಂದೊಂದು ಮಾತನ್ನು ರೂಢಿಗೆ ತಂದಿವೆ. ತೊಡಕಿರುವುದೂ ಅಲ್ಲೇ. ಸಿದ್ಧವಾಗಿರುವ ಮಾತನ್ನು ಎತ್ತಿಕೊಂಡರೆ ಅದರ ಹಿಂದೆಯೇ ನಮ್ಮ ಪದ್ಧತಿಯೂ ಬಂದು ಕೂರುತ್ತದೆ, ಓದುಗರು ವಾಷಿಂಗ್ಟನ್ನನ್ನು ಬಿಟ್ಟು ವಿಧಾನಸೌಧವನ್ನು ಕಾಣುತ್ತಾರೆ. ಯಾವ ಮಾತನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಬಿಡಬೇಕು ಎಂಬುದರ ಬಗ್ಗೆ ನನ್ನ ಅಭಿಪ್ರಾಯ ಹೇಳಿ ನಿಮ್ಮದನ್ನು ಕೇಳುತ್ತಿದ್ದೇನೆ.

ಮೊದಲು ‘ಕಾಂಗ್ರೆಸ್’. ಅಮೆರಿಕದವರು ಎರಡು ವರ್ಷದ ಒಂದು ಅವಧಿಗೆ ಒಂದು ಸಂಖ್ಯೆ ಕೊಡುತ್ತಾರೆ. 1855ರ ಮಾರ್ಚ್ 4ರಿಂದ 1857ರ ಮಾರ್ಚ್ 4ರವರೆಗಿನದು 34ನೆಯ ಕಾಂಗ್ರೆಸ್. ‘34ನೆಯ ಕಾಂಗ್ರೆಸ್ಸಿನ ಸದಸ್ಯರು’ ಎಂದು ಬರೆದರೆ ನಮ್ಮವರಿಗೆ ಮೊದಲು ಹೊಳೆಯುವುದು ಪಕ್ಷ. ‘ಕಾಂಗ್ರೆಸ್ ಅಧಿವೇಶನ’ ಎಂದರಂತೂ ಇನ್ನೂ ಕಷ್ಟ, ಏಕೆಂದರೆ ಆ ಜೋಡಿಪದ ಕನ್ನಡದಲ್ಲಿ ಆಗಲೇ ಬೇರೆಯದಕ್ಕೆ ಮೀಸಲಾಗಿದೆ. 39ನೆಯ ಕಾಂಗ್ರೆಸ್ ಅಧಿವೇಶನ ಎಂದರೆ ನಮಗೆ 1924ರ ಬೆಳಗಾವಿ, ಗಾಂಧೀಜಿ ಅಧ್ಯಕ್ಷರಾಗಿದ್ದದ್ದು. ಅಮೆರಿಕದ 39ನೆಯ ಕಾಂಗ್ರೆಸ್ಸೋ, ಯುದ್ಧ ಮುಗಿದ ಮೇಲೆ 14ನೆಯ ತಿದ್ದುಪಡಿಯನ್ನು ರಾಜ್ಯಗಳ ಒಪ್ಪಿಗೆಗೆ ಕಳಿಸಿದ ಸಭೆ. ‘ಅಮೆರಿಕ ಸಂಸತ್ತು’ ಎಂದು ಪತ್ರಿಕೆಗಳು ಬರೆಯುವುದುಂಟು. ಇತಿಹಾಸದ ಬರವಣಿಗೆಯಲ್ಲಿ ಆ ಸಂಸ್ಥೆಯ ಹೆಸರನ್ನೇ ಅಳಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ‘ಹದಿನಾರನೇ ವಿಧಾನಸಭೆಯ ಇಂತಿಷ್ಟನೇ ಅಧಿವೇಶನ’ ಎನ್ನುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆಯಲ್ಲ, ಅದೇ ಅಚ್ಚಿನಲ್ಲಿ ‘34ನೆಯ ಅಮೆರಿಕನ್ ಕಾಂಗ್ರೆಸ್ಸಿನ ಮೊದಲನೇ ಅಧಿವೇಶನ’ ಎಂದು ಬರೆಯುವುದು ಸರಿ ಎನಿಸಿದೆ. ಈ ಕಾಂಗ್ರೆಸ್ಸಿಗೆ ಅಂಥ ಅಧಿವೇಶನಗಳು ಮೂರು. ಮೊದಲನೆಯದು 1855ರ ಡಿಸೆಂಬರ್ 3ರಿಂದ ಮರುವರ್ಷದ ಆಗಸ್ಟ್ 18ರವರೆಗೆ ನಡೆಯಿತು. ಎರಡನೆಯದು ಬರೀ ಆಗಸ್ಟ್ 21ರಿಂದ 30ರವರೆಗೆ. ಕಡೆಯದು 1856ರ ಡಿಸೆಂಬರ್ 1ರಿಂದ ಮಾರ್ಚ್ 3ರವರೆಗೆ. ಅವಧಿ ಶುರುವಾಗಿ ಒಂಬತ್ತು ತಿಂಗಳು ಕಳೆಯುವವರೆಗೆ ಸಭೆಯೇ ಸೇರಿರಲಿಲ್ಲ ಎಂಬುದನ್ನು ಗಮನಿಸಿ. ಅವಧಿಯನ್ನೂ ಅಧಿವೇಶನವನ್ನೂ ಒಂದೇ ಮಾಡಿ ಬರೆದರೆ ಈ ಸಂಗತಿ ಮುಚ್ಚಿಹೋಗುತ್ತದೆ.

ಇನ್ನು ನಿಜವಾಗಿ ಗಂಟಾಗಿರುವುದು ಪಕ್ಷಗಳ ಹೆಸರು. ಕೆಳಮನೆಯ 234 ಸದಸ್ಯರನ್ನು ಸಾಮಾನ್ಯವಾಗಿ ಹೀಗೆ ಎಣಿಸುತ್ತಾರೆ: ‘ಆಪೊಸಿಶನ್’ 100, ಡೆಮಾಕ್ರಾಟ್ 83, ಅಮೆರಿಕನ್ ಪಕ್ಷ 51. ಇದನ್ನು ‘ವಿರೋಧ ಪಕ್ಷಕ್ಕೆ 100, ಆಡಳಿತ ಪಕ್ಷಕ್ಕೆ 83’ ಎಂದು ಅನುವಾದಿಸಿದರೆ ಯಾವ ಓದುಗರೂ ತಲೆ ಕೆರೆದುಕೊಳ್ಳುತ್ತಾರೆ. ನೂರು ಜನ ಇರುವವರು ವಿರೋಧ ಪಕ್ಷದಲ್ಲಿ ಏಕೆ ಕೂತಿದ್ದಾರೆ, ಸರ್ಕಾರ ಬೀಳಲಿಲ್ಲವೇ ಎಂಬ ಪ್ರಶ್ನೆ ಸಹಜ. ಅಲ್ಲಿ ಸರ್ಕಾರ ಸದನದ ಬಲದ ಮೇಲೆ ನಿಲ್ಲುವುದಿಲ್ಲ. ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಡೆಮಾಕ್ರಾಟ್, ಮೇಲ್ಮನೆಯಾದ ಸೆನೆಟ್ ಡೆಮಾಕ್ರಾಟರ ಕೈಯಲ್ಲಿ, ಕೆಳಮನೆ ಮಾತ್ರ ಕೈತಪ್ಪಿತ್ತು. ‘ಆಪೊಸಿಶನ್’ ಎಂಬುದು ಇಲ್ಲಿ ಸದನದ ಎಡಬದಿಯಲ್ಲಿ ಕೂರುವವರ ಹೆಸರೂ ಅಲ್ಲ. 1854ರ ಕಾನ್ಸಾಸ್–ನೆಬ್ರಾಸ್ಕ ಕಾಯ್ದೆ ಗುಲಾಮಗಿರಿಗೆ 1820ರಲ್ಲಿ ಹಾಕಿದ್ದ ಭೌಗೋಳಿಕ ಗೆರೆಯನ್ನು ಅಳಿಸಿ, ಹೊಸ ಪ್ರದೇಶಗಳಲ್ಲಿ ಗುಲಾಮರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದನ್ನು ಅಲ್ಲಿ ನೆಲೆಸಿದವರ ತೀರ್ಮಾನಕ್ಕೆ ಬಿಟ್ಟಿತು. ಆ ಕಾಯ್ದೆಯ ಮೇಲೆ ಸಿಟ್ಟಾದವರೆಲ್ಲ, ಹಳೆಯ ವಿಗ್ ಪಕ್ಷದವರು, ಪಕ್ಷ ಬಿಟ್ಟ ಡೆಮಾಕ್ರಾಟರು, ಆಗಷ್ಟೇ ಕಣ್ಣು ಬಿಡುತ್ತಿದ್ದ ರಿಪಬ್ಲಿಕನ್ನರು, ಎಲ್ಲರೂ ಈ ಒಂದು ಹೆಸರಿನಡಿ ಸೇರುತ್ತಾರೆ. ಹಾಗಾಗಿ ನಾನು ‘ನೆಬ್ರಾಸ್ಕ ಕಾಯ್ದೆಯ ವಿರೋಧಿಗಳು’ ಎಂದೇ ಬರೆಯುತ್ತಿದ್ದೇನೆ. ಉದ್ದವಾಯಿತು, ಆದರೆ ಸುಳ್ಳಾಗಲಿಲ್ಲ.

ಅಮೆರಿಕನ್ ಪಕ್ಷದವರನ್ನು ಜನ ಕರೆಯುತ್ತಿದ್ದದ್ದು ‘ನೋ ನಥಿಂಗ್’ ಎಂದು. ವಲಸಿಗರನ್ನೂ ಕ್ಯಾಥೊಲಿಕರನ್ನೂ ದೂರವಿಡಬೇಕೆನ್ನುವ ಗುಟ್ಟಿನ ಸಂಘಗಳಿಂದ ಹುಟ್ಟಿದ ಪಕ್ಷ ಅದು. ಸಂಘದ ಬಗ್ಗೆ ಯಾರಾದರೂ ಕೇಳಿದರೆ ‘ನನಗೇನೂ ಗೊತ್ತಿಲ್ಲ’ ಎನ್ನಬೇಕೆಂಬ ಕಟ್ಟಳೆಯಿಂದ ಆ ಹೆಸರು. ಇದನ್ನು ‘ಅಜ್ಞಾನಿಗಳ ಪಕ್ಷ’ ಎಂದು ಮಾಡುವುದು ಪೂರ್ತಿ ತಪ್ಪು. ಅವರು ಗೊತ್ತಿಲ್ಲದವರಲ್ಲ, ಗೊತ್ತಿದ್ದೂ ಹೇಳದವರು. ‘ನಾನರಿಯೆ ಪಕ್ಷ’ ಎನ್ನಬಹುದೇ? ನನಗೆ ಆ ಮಾತಿನ ಬನಿ ಹಿಡಿಸಿದೆ, ಆದರೆ ‘ನಾನರಿಯೆ’ ಎಂಬುದರಲ್ಲಿ ವಿನಯದ ಛಾಯೆ ಇದೆ, ಅದು ಈ ಗುಂಪಿಗೆ ಸಲ್ಲುವುದಿಲ್ಲವೇನೋ. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ, ಹೇಳಿ.

ಮುಂದಿನದು ಸ್ಪೀಕರ್ ಚುನಾವಣೆ. ಡಿಸೆಂಬರ್ 3ರಂದು ಸೇರಿದ ಕೆಳಮನೆ ತನ್ನ ಸ್ಪೀಕರನ್ನು ಆರಿಸಿಕೊಂಡದ್ದು ಫೆಬ್ರವರಿ 2ರಂದು, 133ನೆಯ ‘ಬ್ಯಾಲೆಟ್’ನಲ್ಲಿ. ಮೊದಲ ಸುತ್ತಿನಲ್ಲೇ 21 ಜನರಿಗೆ ಮತ ಬಿದ್ದಿದ್ದವು. ಬ್ಯಾಲೆಟ್ ಎಂದ ಕೂಡಲೇ ‘ಮತಪತ್ರ’ ಎಂದು ಕೈ ಓಡುತ್ತದೆ. ಆದರೆ ಇಲ್ಲಿ ಪತ್ರವೇ ಇಲ್ಲ. 1839ರಿಂದ ಆ ಸದನ ಸ್ಪೀಕರನ್ನು ಆರಿಸುತ್ತಿದ್ದದ್ದು ಬಾಯಿಮಾತಿನಿಂದ: ಪಟ್ಟಿಯಲ್ಲಿರುವ ಒಬ್ಬೊಬ್ಬ ಸದಸ್ಯನ ಹೆಸರನ್ನೂ ಕೂಗುವುದು, ಅವನು ತನ್ನ ಆಯ್ಕೆಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳುವುದು. ಈ ವಿವರ ಬರೀ ತಾಂತ್ರಿಕವಲ್ಲ. ಯಾರು ಯಾರ ಕಡೆ ಎಂಬುದು ಪ್ರತಿ ಸುತ್ತಿನಲ್ಲೂ ಬಯಲಾಗುತ್ತಿತ್ತು, ಊರಿನ ಪತ್ರಿಕೆಗಳಿಗೆ ಹೋಗುತ್ತಿತ್ತು. ಎರಡು ತಿಂಗಳು ಯಾರೂ ಸುಲಭವಾಗಿ ಪಕ್ಕ ಬದಲಿಸದೆ ಇದ್ದುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಗ್ರಹಿಕೆ. ಆದ್ದರಿಂದ ‘133 ಸುತ್ತಿನ ಮತದಾನ’ ಎನ್ನೋಣ. ಮತಪತ್ರವನ್ನು ಇಲ್ಲಿ ತರುವುದೇ ಬೇಡ.

ಇದಕ್ಕಿಂತ ಬಿಗಿಯಾದದ್ದು ಕೊನೆಯ ಸುತ್ತಿನ ಲೆಕ್ಕ. ಮ್ಯಾಸಚೂಸೆಟ್ಸ್‌ನ ನಥಾನಿಯಲ್ ಬ್ಯಾಂಕ್ಸ್‌ಗೆ 103, ದಕ್ಷಿಣ ಕೆರೊಲಿನಾದ ವಿಲಿಯಂ ಏಕಿನ್‌ಗೆ 100, ಉಳಿದವರಿಗೆ 11. ಒಟ್ಟು 214 ಮತ, ಅರ್ಧ ದಾಟಲು 108 ಬೇಕು. ಯಾರಿಗೂ ಅಷ್ಟು ಬರಲಿಲ್ಲ. ಅರ್ಧ ದಾಟಬೇಕೆಂಬ ನಿಯಮಕ್ಕೇ ಅಂಟಿಕೊಂಡರೆ ಸ್ಪೀಕರ್ ಆಯ್ಕೆ ಆಗುವುದೇ ಇಲ್ಲವೆಂದು ಮನಗಂಡ ಸದನ, ಹೆಚ್ಚು ಮತ ಬಂದವರೇ ಗೆದ್ದಂತೆ ಎಂದು ಅಂದೇ ಗೊತ್ತುಮಾಡಿಕೊಂಡಿತ್ತು. 1849ರಲ್ಲೂ ಹೀಗೇ ಆಗಿ, 63ನೆಯ ಸುತ್ತಿನಲ್ಲಿ ಜಾರ್ಜಿಯಾದ ಹೌವೆಲ್ ಕಾಬ್ ಗೆದ್ದಿದ್ದರು. ಇಂಗ್ಲಿಷಿನಲ್ಲಿ ಅರ್ಧ ದಾಟುವುದಕ್ಕೆ ‘ಮೆಜಾರಿಟಿ’, ಅರ್ಧ ದಾಟದಿದ್ದರೂ ಉಳಿದೆಲ್ಲರಿಗಿಂತ ಹೆಚ್ಚು ಮತ ಪಡೆಯುವುದಕ್ಕೆ ‘ಪ್ಲೂರಾಲಿಟಿ’ ಎಂದು ಎರಡು ಮಾತುಗಳಿವೆ, ನಮ್ಮಲ್ಲಿ ಎರಡಕ್ಕೂ ‘ಬಹುಮತ’ ಎನ್ನುವ ಚಾಳಿ. ‘ಸರಳ ಬಹುಮತ’ ಎಂದು ಕೆಲವರು ಪ್ಲೂರಾಲಿಟಿಗೆ ಬಳಸಿದ್ದನ್ನು ನೋಡಿದ್ದೇನೆ. ನಮ್ಮ ಸದನದ ಭಾಷೆಯಲ್ಲಿ ಸರಳ ಬಹುಮತವೆಂದರೆ ಅರ್ಧಕ್ಕಿಂತ ಹೆಚ್ಚು, ಮೂರನೇ ಎರಡರಷ್ಟು ಬೇಕಿಲ್ಲ ಎಂದರ್ಥ. ಅದನ್ನು ಇಲ್ಲಿ ಹಾಕಿದರೆ ಬ್ಯಾಂಕ್ಸ್‌ಗೆ ಇಲ್ಲದ ಬಲವನ್ನು ಕೊಟ್ಟಂತಾಗುತ್ತದೆ. ‘ಅಧಿಕಮತ’ ಎಂಬ ಪದವನ್ನು ಪ್ಲೂರಾಲಿಟಿಗೇ ಮೀಸಲಿಡಬಹುದೇ? ಒಂದು ಚಿಕ್ಕ ಪದ ಇದ್ದರೆ ‘103 ಮತಗಳ ಅಧಿಕಮತದಿಂದ ಗೆದ್ದರು, ಬಹುಮತ ಯಾರಿಗೂ ಇರಲಿಲ್ಲ’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ನಮ್ಮ ಸ್ವಂತ ಚುನಾವಣೆಗಳ ಬಗ್ಗೆ ಬರೆಯುವವರಿಗೂ ಈ ಪದ ಬೇಕಾಗಿದೆ. ಕ್ಷೇತ್ರಗಳಲ್ಲಿ ಗೆಲ್ಲುವ ಎಷ್ಟೋ ಶಾಸಕರಿಗೆ ಬಿದ್ದ ಮತದ ಅರ್ಧವೂ ಬಂದಿರುವುದಿಲ್ಲ.

ಆ ಎರಡು ತಿಂಗಳು ಸಭೆ ನಡೆಸಿದವರು ಹಿಂದಿನ ಸದನದ ‘ಕ್ಲರ್ಕ್’ ಜಾನ್ ಫೋರ್ನಿ. ‘ಗುಮಾಸ್ತ’ ಎಂದು ಬರೆದರೆ ಅನ್ಯಾಯವಾದೀತು, ‘ಹಂಗಾಮಿ ಸ್ಪೀಕರ್’ ಎಂದರೆ ಅವರು ಸದಸ್ಯರೇ ಅಲ್ಲ. ‘ಸದನದ ಕಾರ್ಯದರ್ಶಿ’ ಎಂಬುದು ಹೊಂದುತ್ತದೆ. ಸ್ಪೀಕರ್‌ಗೆ ‘ಸಭಾಧ್ಯಕ್ಷ’ ಬೇಡವೆಂದು ನನ್ನ ಅಭಿಪ್ರಾಯ. ಆಗ ಸದನದ ಎಲ್ಲ ಸಮಿತಿಗಳಿಗೂ ಸದಸ್ಯರನ್ನು ನೇಮಿಸುತ್ತಿದ್ದವರು ಸ್ಪೀಕರ್. ಕಾನ್ಸಾಸ್ ವಿಷಯ ಯಾರ ಕೈಗೆ ಹೋಗುತ್ತದೆ ಎಂಬುದು ಆ ಒಂದು ಆಯ್ಕೆಯಲ್ಲಿ ಅಡಗಿತ್ತು. ಪಕ್ಷಾತೀತವಾಗಿರಬೇಕೆಂದು ನಾವು ಬಯಸುವ ಸಭಾಧ್ಯಕ್ಷರ ಪೀಠ ಅದಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ‘ಜನಪ್ರತಿನಿಧಿ’. ಕೆಳಮನೆಗೆ ‘ಜನಪ್ರತಿನಿಧಿಗಳ ಸಭೆ’ ಎಂಬ ಹೆಸರು ಪತ್ರಿಕೆಗಳಲ್ಲಿ ನೆಲೆಯೂರಿದೆ. ಈಗಿನ ಸಭೆಗೆ ಅದು ಸರಿಯೇ. 1855ಕ್ಕೆ? ರಾಜ್ಯಗಳಿಗೆ ಸ್ಥಾನ ಹಂಚುವಾಗ ಸ್ವತಂತ್ರ ಜನರ ಸಂಖ್ಯೆಗೆ ‘ಇತರ ವ್ಯಕ್ತಿಗಳ’ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಕೂಡಿಸಬೇಕೆಂದು ಆ ದೇಶದ ಸಂವಿಧಾನ ಹೇಳುತ್ತಿತ್ತು. ಆ ‘ಇತರ ವ್ಯಕ್ತಿಗಳು’ ಗುಲಾಮರು. ಗುಲಾಮ ಎಂಬ ಪದವನ್ನು ಅಲ್ಲಿ ಬರೆಯದೆ ನುಣುಚಿಕೊಂಡಿದ್ದಾರೆ. 1850ರ ಜನಗಣತಿಯಲ್ಲಿ ಅವರು 32 ಲಕ್ಷ. ದಕ್ಷಿಣ ಕೆರೊಲಿನಾದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರೇ. ಆ ರಾಜ್ಯಕ್ಕೆ ಕೆಳಮನೆಯಲ್ಲಿ ಆರು ಸ್ಥಾನ, ಸ್ವತಂತ್ರ ಜನರನ್ನಷ್ಟೇ ಎಣಿಸಿದ್ದರೆ ಅಷ್ಟು ಸಿಗುತ್ತಿರಲಿಲ್ಲ. ಸ್ಪೀಕರ್ ಸ್ಥಾನಕ್ಕೆ ಮೂರು ಮತದಲ್ಲಿ ಸೋತ ಏಕಿನ್ ಆ ಆರರಲ್ಲಿ ಒಬ್ಬರು, ತಮ್ಮ ರಾಜ್ಯದಲ್ಲಿ ಅತಿ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದವರ ಸಾಲಿನವರು. ತಲೆ ಎಣಿಸುವಾಗ ಲೆಕ್ಕಕ್ಕೆ ಬಂದು, ಮತ ಹಾಕುವಾಗ ಲೆಕ್ಕಕ್ಕಿಲ್ಲದ ಜನರ ಹೆಸರಿನಲ್ಲಿ ಸಿಕ್ಕ ಸ್ಥಾನದಲ್ಲಿ ಕೂತವರನ್ನು ‘ಜನಪ್ರತಿನಿಧಿ’ ಎಂದು ಬರೆಯಲು ನನಗೆ ಮನಸ್ಸು ಬರುವುದಿಲ್ಲ. ‘ಪ್ರತಿನಿಧಿ ಸಭೆ’ ಎಂದಷ್ಟೇ ಬರೆದು ‘ಜನ’ವನ್ನು ಬಿಡುತ್ತಿದ್ದೇನೆ. ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಸೇರಿದ ‘ಪ್ರಜಾಪ್ರತಿನಿಧಿ ಸಭೆ’ಯ ನೆನಪು ಇದರಿಂದ ಬರುತ್ತದೆ ಎಂದು ಒಬ್ಬ ಹಿರಿಯರು ಆಕ್ಷೇಪಿಸಿದರು. ಅದು ಅಹವಾಲು ಹೇಳಿಕೊಳ್ಳುವ ಸಭೆ, ಕಾನೂನು ಮಾಡುವ ಅಧಿಕಾರ ಅದಕ್ಕಿರಲಿಲ್ಲ ಎಂಬುದು ಅವರ ವಾದ. ಆ ಎಚ್ಚರ ಸರಿಯೇ, ಆದರೂ ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಟ್ಟರೆ ಸಾಕು ಎನಿಸುತ್ತದೆ.

ಇದರ ಜೊತೆಗೇ ಇನ್ನೊಂದು ಮಾತು: ಗುಲಾಮರಿಗೆ ‘ಜೀತದಾಳು’ ಎಂದು ದಯವಿಟ್ಟು ಬಳಸಬೇಡಿ. ಜೀತ ನಮ್ಮ ನೆಲದ ಕ್ರೌರ್ಯ, ಸಾಲಕ್ಕೆ ಕಟ್ಟಿಹಾಕುವುದು. ಅಲ್ಲಿ ಮನುಷ್ಯನೇ ಆಸ್ತಿ, ಹುಟ್ಟುವ ಮಗುವೂ ಒಡೆಯನ ಆಸ್ತಿ. ಎರಡನ್ನೂ ಒಂದೇ ಪದದಲ್ಲಿ ಕಟ್ಟಿದರೆ ಎರಡರ ನಿಜವೂ ಹೋಗುತ್ತದೆ.

1856ರ ಮೇ 22ರ ಘಟನೆಗೆ ಬರೋಣ. ದಕ್ಷಿಣ ಕೆರೊಲಿನಾದ ಆರರಲ್ಲಿ ಇನ್ನೊಬ್ಬರಾದ ಪ್ರೆಸ್ಟನ್ ಬ್ರೂಕ್ಸ್, ಸೆನೆಟಿನ ಆ ದಿನದ ಕಲಾಪ ಮುಗಿದ ಮೇಲೆ ಒಳಗೆ ಹೋಗಿ, ತನ್ನ ಮೇಜಿನಲ್ಲಿ ಬರೆಯುತ್ತ ಕೂತಿದ್ದ ಮ್ಯಾಸಚೂಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್ ಮೇಲೆ ಎರಗಿದ. ಕಾನ್ಸಾಸ್ ಬಗ್ಗೆ ಸಮ್ನರ್ ಮಾಡಿದ ಭಾಷಣದಲ್ಲಿ ಬ್ರೂಕ್ಸ್‌ನ ಬಂಧು ಸೆನೆಟರ್ ಬಟ್ಲರ್ ಅವರನ್ನು ಹಳಿದಿದ್ದರೆಂಬುದು ನೆಪ. ಇಂಗ್ಲಿಷಿನಲ್ಲಿ ಇದು ‘ಕೇನಿಂಗ್’. ‘ಸಮ್ನರ್‌ಗೆ ಬೆತ್ತದೇಟು’ ಎಂಬ ಶೀರ್ಷಿಕೆ ಕನ್ನಡದಲ್ಲಿ ಮೇಷ್ಟರು ಹುಡುಗನಿಗೆ ಕೊಟ್ಟ ಶಿಕ್ಷೆಯಂತೆ ಕೇಳುತ್ತದೆ. ಅದು ಚಿನ್ನದ ಹಿಡಿಯ, ಗಟ್ಟಿ ಗಟಪಾರ್ಚದ (ರಬ್ಬರಿನಂಥ ಮರದ ಅಂಟಿನ) ಕೈಗೋಲು. ಹೊಡೆದ ಬಿರುಸಿಗೆ ತುಂಡುತುಂಡಾಯಿತು. ನೆಲಕ್ಕೆ ಬಿಗಿದಿದ್ದ ಮೇಜಿನಡಿ ಕಾಲು ಸಿಕ್ಕಿಕೊಂಡ ಸಮ್ನರ್ ಮೇಜನ್ನೇ ಕಿತ್ತೆದ್ದು, ರಕ್ತದಲ್ಲಿ ಕುಸಿದರು. ‘ಕೈಗೋಲಿನಿಂದ ಮಾರಣಾಂತಿಕ ಹಲ್ಲೆ’ ಎನ್ನಬೇಕು. ಬ್ರೂಕ್ಸ್‌ನನ್ನು ಹೊರಹಾಕುವ ನಿರ್ಣಯಕ್ಕೆ 121 ಪರ, 95 ವಿರೋಧ. ಮೂರನೇ ಎರಡರಷ್ಟು ಆಗದೆ ಬಿದ್ದುಹೋಯಿತು. ಆತ ತಾನೇ ರಾಜೀನಾಮೆ ಕೊಟ್ಟು, ಉಪಚುನಾವಣೆಯಲ್ಲಿ ಗೆದ್ದು ವಾಪಸು ಬಂದ. ಇಲ್ಲಿ ‘ತೆರವಾದ ಸ್ಥಾನ’ ಎಂಬುದು ಸರಿಯಾದ ಬಳಕೆ. ಸಮ್ನರ್ ಹೆಚ್ಚುಕಡಿಮೆ ಮೂರು ವರ್ಷ ಸದನಕ್ಕೆ ಬರಲಾಗಲಿಲ್ಲ, ಆದರೂ ಮ್ಯಾಸಚೂಸೆಟ್ಸ್ ಶಾಸನಸಭೆ ಅವರನ್ನೇ ಮರಳಿ ಆರಿಸಿತು. ಅವರದು ತೆರವಾದ ಸ್ಥಾನವಲ್ಲ, ಖಾಲಿ ಇಟ್ಟ ಸ್ಥಾನ. ಈ ವ್ಯತ್ಯಾಸವನ್ನು ಕನ್ನಡ ಅನಾಯಾಸವಾಗಿ ಹೇಳುತ್ತದೆ, ಬಳಸಿಕೊಳ್ಳಬೇಕು ಅಷ್ಟೇ.

ಇನ್ನು ‘ಡೆಲಿಗೇಟ್’. ರಾಜ್ಯಗಳು 31. ಅವುಗಳಾಚೆ ಕಾನ್ಸಾಸ್, ನೆಬ್ರಾಸ್ಕ, ಮಿನೆಸೋಟ, ನ್ಯೂ ಮೆಕ್ಸಿಕೊ, ಯೂಟಾ, ಆರೆಗಾನ್, ವಾಷಿಂಗ್ಟನ್ ಎಂಬ ಏಳು ‘ಟೆರಿಟರಿ’ಗಳು, ಎಂದರೆ ಇನ್ನೂ ರಾಜ್ಯವಾಗದ ಪ್ರದೇಶಗಳು, ಇದ್ದವು. ಇವುಗಳಿಂದ ಬಂದವರು ಸದನದಲ್ಲಿ ಮಾತಾಡಬಹುದಿತ್ತು, ಮತ ಹಾಕುವಂತಿರಲಿಲ್ಲ. ‘ಕೇಂದ್ರಾಡಳಿತ ಪ್ರದೇಶ’ ಎನ್ನಲು ನಾಲಿಗೆ ಹೋದರೂ ನಮ್ಮಲ್ಲಿ ಅಲ್ಲಿಂದ ಬರುವ ಸಂಸದರಿಗೆ ಮತದ ಹಕ್ಕಿದೆ. ಟೆರಿಟರಿಯನ್ನು ಹಾಗೇ ಉಳಿಸಿ, ಡೆಲಿಗೇಟ್‌ಗೆ ‘ನಿಯೋಗಿ’ ಎಂದು ಯೋಚಿಸಿದ್ದೇನೆ. ‘ನಿಯೋಗ’ ರೂಢಿಯಲ್ಲಿದೆ, ಆದರೆ ಹಳೆಯ ಬರವಣಿಗೆಯಲ್ಲಿ ನಿಯೋಗಿ ಎಂದರೆ ಅಧಿಕಾರಿ. ಕಾನ್ಸಾಸ್‌ನ ನಿಯೋಗಿ ಜಾನ್ ವಿಟ್‌ಫೀಲ್ಡ್ ಆಯ್ಕೆಯನ್ನು ಆಂಡ್ರೂ ರೀಡರ್ ಪ್ರಶ್ನಿಸಿದರು, 1856ರ ಆಗಸ್ಟ್ 1ರಂದು ಸದನ ಇಬ್ಬರಿಗೂ ಸ್ಥಾನವಿಲ್ಲವೆಂದಿತು, ಡಿಸೆಂಬರ್‌ನಲ್ಲಿ ವಿಟ್‌ಫೀಲ್ಡ್ ಮತ್ತೆ ಬಂದು ಕೂತರು. ಸದಸ್ಯರ ಪಟ್ಟಿ ಹಾಕುವಾಗ ಇಂಥವರನ್ನು ಎಲ್ಲಿ ಸೇರಿಸುವುದೆಂಬುದೂ ಪ್ರಶ್ನೆಯೇ. 234ರಲ್ಲಿ ಇವರಿಲ್ಲ.

ಕಡೆಯದಾಗಿ ‘ರೈಡರ್’. ಕಾನ್ಸಾಸ್‌ನ ಗುಲಾಮಗಿರಿ ಪರ ಶಾಸನಸಭೆಯ ಕಾಯ್ದೆಗಳನ್ನು ಜಾರಿ ಮಾಡಲು ಸೈನ್ಯವನ್ನು ಬಳಸಕೂಡದೆಂಬ ಷರತ್ತನ್ನು ಕೆಳಮನೆ ಸೈನ್ಯದ ಧನವಿನಿಯೋಗ ಮಸೂದೆಗೆ ಅಂಟಿಸಿತು. ಸೆನೆಟ್ ಒಪ್ಪಲಿಲ್ಲ. ಹಣ ಮಂಜೂರಾಗದೆಯೇ ಆಗಸ್ಟ್ 18ರಂದು ಸದನಗಳು ಅನಿರ್ದಿಷ್ಟಾವಧಿಗೆ ಮುಂದೂಡಲ್ಪಟ್ಟವು. ಪಿಯರ್ಸ್ ಮೂರೇ ದಿನದಲ್ಲಿ ಎಲ್ಲರನ್ನೂ ಮತ್ತೆ ಕರೆಸಿದರು, ಹತ್ತು ದಿನದ ಆ ಎರಡನೇ ಅಧಿವೇಶನ ಹುಟ್ಟಿದ್ದೇ ಹೀಗೆ. ಕೊನೆಗೆ ಷರತ್ತಿಲ್ಲದೆ ಮಸೂದೆ ಅಂಗೀಕಾರವಾಯಿತು. ಈ ಷರತ್ತಿಗೆ ‘ಬಾಲಂಗೋಚಿ’ ಎನ್ನುವ ಆಸೆ ನನಗೆ. ಗಾಳಿಪಟಕ್ಕೆ ಕಟ್ಟುವ ಬಾಲವೇ ಅದರ ಹಾರಾಟವನ್ನು ಹಿಡಿದಿಡುತ್ತದಲ್ಲ. ಆದರೆ ಮಾತಿನಲ್ಲಿ ಬಾಲಂಗೋಚಿ ಎಂದರೆ ಯಾರದೋ ಹಿಂದೆ ಸುತ್ತುವವನು ಎಂಬ ಹಗುರ ಅರ್ಥವೂ ಇದೆ.

ನನಗೆ ಮುಖ್ಯವಾಗಿ ಬೇಕಿರುವುದು ಮೂರು: ಪ್ಲೂರಾಲಿಟಿಗೆ ‘ಅಧಿಕಮತ’ ನಿಲ್ಲುತ್ತದೆಯೇ, ಡೆಲಿಗೇಟ್‌ಗೆ ‘ನಿಯೋಗಿ’ಯೋ ಬೇರೆಯೋ, ರೈಡರ್‌ಗೆ ನಿಮ್ಮ ಊರಿನ ಕಚೇರಿ, ಕೋರ್ಟುಗಳಲ್ಲಿ ಏನಾದರೂ ಮಾತಿದೆಯೇ. ಮೈಸೂರು ಪ್ರಜಾಪ್ರತಿನಿಧಿ ಸಭೆಯ, 1907ರ ನಂತರದ ನ್ಯಾಯವಿಧಾಯಕ ಸಭೆಯ ಹಳೆಯ ಕನ್ನಡ ವರದಿಗಳನ್ನು ಓದಿದವರು ಇದ್ದರೆ, ಮತದಾನಕ್ಕೆ ಸಂಬಂಧಿಸಿದ ಪದಗಳನ್ನು ಆ ವಾಕ್ಯಗಳ ಸಮೇತ ಬರೆದು ಕಳಿಸಿ.